ದಟ್ಟಣೆ ಶುಲ್ಕ: ಕಟ್ಟುವವರು ಯಾರು, ಲಾಭ ಯಾರಿಗೆ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ನಗರದ ನಡುಭಾಗಕ್ಕೆ ಜನಜಂಗುಳಿಯ ಹೊತ್ತಿನಲ್ಲಿ ವಾಹನ ತಂದವರಿಂದ ಹಣ ಪಡೆಯುವುದಕ್ಕೆ ದಟ್ಟಣೆ ಶುಲ್ಕ ಎಂದು ಹೆಸರು. ಈ ಬಗ್ಗೆ ಬಂದ ಪತ್ರಗಳಲ್ಲಿ ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ನಗರ ಸಂಚಾರ ಯೋಜನೆ ಬಲ್ಲವರಿಂದ ಉತ್ತರ ಪಡೆದಿದ್ದೇವೆ.

ಪ್ರಶ್ನೆ: ವಾಹನ ಕೊಳ್ಳುವಾಗ ತೆರಿಗೆ ಕಟ್ಟಿದ್ದೇನೆ, ಇಂಧನ ಹಾಕಿಸುವಾಗಲೆಲ್ಲ ತೆರಿಗೆ ಕಟ್ಟುತ್ತಿದ್ದೇನೆ. ಮೇಲಿಂದ ಇದೂ ಒಂದು ಎಂದರೆ ಜನರ ಮೈಮೇಲೆ ಬರೆ ಎಳೆದಂತಲ್ಲವೇ?

ಉತ್ತರ: ನೀವು ಈಗ ಕಟ್ಟುತ್ತಿರುವ ತೆರಿಗೆಗೆ ಹೊತ್ತು ಗೊತ್ತಿಲ್ಲ, ಜಾಗವೂ ಗೊತ್ತಿಲ್ಲ. ಮಧ್ಯರಾತ್ರಿ ಖಾಲಿ ರಸ್ತೆಯಲ್ಲಿ 10 ಕಿ.ಮೀ. ಓಡಿಸಿದರೂ, ಬೆಳಗಿನ 9 ಗಂಟೆಗೆ ಪೇಟೆಯ ನಡುವೆ 10 ಕಿ.ಮೀ. ಓಡಿಸಿದರೂ ತೆರಿಗೆ ಹೆಚ್ಚುಕಡಿಮೆ ಒಂದೇ. ಆದರೆ ಬೇರೆಯವರಿಗೆ ಆಗುವ ನಷ್ಟದಲ್ಲಿ ಅಜಗಜಾಂತರವಿದೆ. ಲೆಕ್ಕ ಹಾಕಿಯೇ ನೋಡಿ.

ಸಂಚಾರ ಎಂಜಿನಿಯರುಗಳು ಇಂದಿಗೂ ಬಳಸುವ ಒಂದು ಸೂತ್ರವನ್ನು ಅಮೆರಿಕದ ಬ್ಯೂರೋ ಆಫ್ ಪಬ್ಲಿಕ್ ರೋಡ್ಸ್ 1964ರಲ್ಲಿ ಕೊಟ್ಟಿತು. ರಸ್ತೆಗೆ ಬಂದ ವಾಹನಗಳ ಸಂಖ್ಯೆಯನ್ನು ಆ ರಸ್ತೆಯ ಸಾಮರ್ಥ್ಯದಿಂದ ಭಾಗಿಸಿ. ಬಂದ ಉತ್ತರವನ್ನು ನಾಲ್ಕು ಸಲ ಬರೆದು ಒಂದಕ್ಕೊಂದು ಗುಣಿಸಿ (ಅಂದರೆ ನಾಲ್ಕನೇ ಘಾತಕ್ಕೆ ಏರಿಸಿ), ಬಂದದ್ದನ್ನು 0.15ರಿಂದ ಗುಣಿಸಿ. ಖಾಲಿ ರಸ್ತೆಯಲ್ಲಿ ಹಿಡಿಯುವ ಸಮಯದ ಎಷ್ಟು ಪಾಲು ತಡವಾಗುತ್ತದೆ ಎಂಬುದು ಸಿಗುತ್ತದೆ. ಖಾಲಿ ಇದ್ದಾಗ 30 ನಿಮಿಷದ ದಾರಿ ಎಂದುಕೊಳ್ಳಿ. ರಸ್ತೆ ಸರಿಯಾಗಿ ತುಂಬಿದ್ದರೆ ನಾಲ್ಕೂವರೆ ನಿಮಿಷ ತಡ. ಸಾಮರ್ಥ್ಯಕ್ಕಿಂತ ಶೇ 20ರಷ್ಟು ಹೆಚ್ಚು ವಾಹನ ನುಗ್ಗಿದರೆ 9 ನಿಮಿಷ 20 ಸೆಕೆಂಡ್ ತಡ. ಇದು ನಿಮಗೆ ಕಾಣುವ ನಷ್ಟ, ಇದನ್ನು ನೀವೇ ಅನುಭವಿಸುತ್ತೀರಿ.

ಕಾಣದ ನಷ್ಟ ಬೇರೆಯೇ ಇದೆ. ನೀವು ಸಾಲಿಗೆ ಸೇರಿದ್ದರಿಂದ ಉಳಿದ ಪ್ರತಿ ವಾಹನಕ್ಕೂ ಸೆಕೆಂಡಿನ ಒಂದು ಚೂರು ಹೆಚ್ಚು ಕಾಯುವ ಪಾಡು. ಅಂಥ ಸಾವಿರಾರು ಚೂರುಗಳನ್ನು ಕೂಡಿದರೆ, ಇದೇ ಸೂತ್ರದ ಪ್ರಕಾರ, ನಿಮ್ಮ ತಡದ ನಾಲ್ಕರಷ್ಟಾಗುತ್ತದೆ. ಅಂದರೆ ನೀವು 9 ನಿಮಿಷ ಕಾದು, ಊರವರ 37 ನಿಮಿಷ ತಿಂದಿರುತ್ತೀರಿ. ಆ 37 ನಿಮಿಷದ ಬಿಲ್ಲು ಇಂದು ಯಾರ ಹೆಸರಿಗೂ ಬರುತ್ತಿಲ್ಲ. ದಟ್ಟಣೆ ಶುಲ್ಕ ಆ ಬಿಲ್ಲು. ಸಿಗ್ನಲ್ಲುಗಳ ಸಾಲು ಒಂದಕ್ಕೊಂದು ಕಚ್ಚಿಕೊಂಡು ನಿಂತಾಗ ನಷ್ಟ ಈ ಸೂತ್ರ ಹೇಳುವುದಕ್ಕಿಂತಲೂ ಹೆಚ್ಚು.

ಈ ವಿಚಾರ ಹೊಸದೇನಲ್ಲ. ಅರ್ಥಶಾಸ್ತ್ರಜ್ಞ ಆರ್ಥರ್ ಪಿಗೂ 1920ರಲ್ಲೇ ಇದರ ಬೀಜ ಬಿತ್ತಿದ್ದರು. ಇನ್ನೊಬ್ಬ ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1950ರ ದಶಕದಿಂದ ಇದನ್ನೇ ಹೇಳುತ್ತ ಬಂದರು. 1996ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಘೋಷಣೆಯಾಯಿತು, ಮೂರೇ ದಿನಕ್ಕೆ ತೀರಿಕೊಂಡರು.

ಪ್ರಶ್ನೆ: ದುಡ್ಡಿದ್ದವನು ಶುಲ್ಕ ಬಿಸಾಕಿ ಖಾಲಿ ರಸ್ತೆಯಲ್ಲಿ ಹೋಗುತ್ತಾನೆ, ಇಲ್ಲದವನು ಬಸ್ಸಿನಲ್ಲಿ ನೇತಾಡುತ್ತಾನೆ. ಇದರಲ್ಲಿ ನ್ಯಾಯ ಎಲ್ಲಿದೆ?

ಉತ್ತರ: ಅತಿ ಹೆಚ್ಚು ಪತ್ರಗಳು ಬಂದದ್ದು ಈ ಪ್ರಶ್ನೆಗೆ. ಅದಕ್ಕೆ ಸ್ವಲ್ಪ ಉದ್ದದ ಉತ್ತರವೇ ಬೇಕು.

ಮೊದಲು ಈಗಿನ ಸ್ಥಿತಿಯನ್ನೇ ಕೇಳೋಣ. ಒಬ್ಬೊಬ್ಬರೇ ಕೂತ ನಲವತ್ತು ಕಾರುಗಳ ಹಿಂದೆ ನಲವತ್ತು ಜನರನ್ನು ತುಂಬಿಕೊಂಡ ಒಂದು ಬಸ್ಸು ನಿಂತಿದೆ. ಬಸ್ಸು ಹಿಡಿದಿರುವ ಜಾಗ ಎರಡು ಮೂರು ಕಾರಿನಷ್ಟು, ಕಾಯುತ್ತಿರುವುದು ಮಾತ್ರ ಎಲ್ಲರಷ್ಟೇ. ಬಸ್ಸಿನವರು ಆ ಸಾಲನ್ನು ಉಂಟುಮಾಡಿದವರಲ್ಲ, ಆದರೂ ಅದರ ಬೆಲೆ ತೆರುತ್ತಿದ್ದಾರೆ. ಹಣದಲ್ಲಿ ತೆತ್ತರೆ ಅದು ಇನ್ನೊಬ್ಬರ ಕೈಗಾದರೂ ಹೋಗುತ್ತದೆ. ಸಾಲಿನಲ್ಲಿ ನಿಂತು ಕಳೆದ ಸಮಯ ಯಾರ ಕೈಗೂ ಹೋಗುವುದಿಲ್ಲ, ಹೊಗೆಯಾಗಿ ಹೋಗುತ್ತದೆ.

ಇದರ ಹೊಡೆತ ಬಸ್ ವೇಳಾಪಟ್ಟಿಯಲ್ಲಿ ನಿಚ್ಚಳವಾಗಿ ಕಾಣುತ್ತದೆ. ಹೋಗಿ ಬರಲು 120 ನಿಮಿಷ ಹಿಡಿಯುವ ಮಾರ್ಗದಲ್ಲಿ ಹತ್ತು ನಿಮಿಷಕ್ಕೊಂದು ಬಸ್ಸು ಬಿಡಬೇಕೆಂದರೆ 12 ಬಸ್ಸು ಬೇಕು, ಅಷ್ಟಕ್ಕೂ ಚಾಲಕರು ಬೇಕು. ರಸ್ತೆ ತೆರವಾಗಿ ಅದೇ ಸುತ್ತು 100 ನಿಮಿಷಕ್ಕೆ ಇಳಿದರೆ 10 ಬಸ್ಸು ಸಾಕು. ಉಳಿದ ಎರಡನ್ನು ಬೇರೆ ಮಾರ್ಗಕ್ಕೆ ಕಳಿಸಬಹುದು. ಇಲ್ಲವೇ ಅಲ್ಲೇ ಇಟ್ಟುಕೊಂಡರೆ 8 ನಿಮಿಷ 20 ಸೆಕೆಂಡಿಗೆ ಒಂದು ಬಸ್ಸು ಬರುತ್ತದೆ. ಹೊಸ ಬಸ್ಸು ಕೊಳ್ಳದೆ, ಟಿಕೆಟ್ ದರ ಏರಿಸದೆ ಸಿಗುವ ಲಾಭ ಇದು.

ಹಾಗಾದರೆ ಬಡವರಿಗೆ ತೊಂದರೆಯೇ ಇಲ್ಲವೇ? ಇದೆ. ಒಟ್ಟು ಲೆಕ್ಕದಲ್ಲಿ ನೋಡಿದರೆ, ಒಳ್ಳೆಯ ರೈಲು, ಬಸ್ಸು ಇರುವ ದೊಡ್ಡ ನಗರಗಳಲ್ಲಿ ದಟ್ಟಣೆಯ ಹೊತ್ತಿಗೆ ನಡುಪೇಟೆಗೆ ಕಾರಿನಲ್ಲಿ ಬರುವವರು ಸಾಮಾನ್ಯವಾಗಿ ಉಳಿದವರಿಗಿಂತ ಅನುಕೂಲಸ್ಥರು. ಆದರೆ ಒಟ್ಟು ಲೆಕ್ಕದಲ್ಲಿ ಬಿಡಿ ಮನುಷ್ಯ ಕಾಣುವುದಿಲ್ಲ. ಮೊದಲ ಬಸ್ಸು ಹೊರಡುವ ಮುಂಚೆಯೇ ಪಾಳಿ ಶುರುವಾಗುವ ಆಸ್ಪತ್ರೆಯ ಸ್ವಚ್ಛತಾ ಕೆಲಸದವರು, ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ಹೋಗುವವರು, ಗಾಲಿಕುರ್ಚಿಯಲ್ಲಿ ಓಡಾಡುವವರು, ಉಪಕರಣಗಳ ಪೆಟ್ಟಿಗೆಯಿಲ್ಲದೆ ಕೆಲಸಕ್ಕೆ ಹೋಗಲಾಗದ ಪ್ಲಂಬರ್, ಎಲೆಕ್ಟ್ರಿಷಿಯನ್. ಇವರಿಗೆಲ್ಲ ‘ಬಸ್ಸಿನಲ್ಲಿ ಹೋಗಿ’ ಎನ್ನುವುದು ಉತ್ತರವಲ್ಲ.

ಇವರಲ್ಲೂ ಎಲ್ಲರಿಗೂ ಒಂದೇ ಮದ್ದು ನಡೆಯದು. ಮುಂಜಾವಿನ ಪಾಳಿಯವರಿಗೆ ಶುಲ್ಕದ ವೇಳೆಯನ್ನು ತಡವಾಗಿ ಶುರುಮಾಡಿದರೆ ಸಾಕು, ಅರ್ಜಿಯೇ ಬೇಡ. ಅಂಗವಿಕಲರಿಗೆ ಪೂರ್ಣ ವಿನಾಯಿತಿ ಕೊಡಬೇಕು, ಅದೂ ವಾಹನಕ್ಕಲ್ಲ, ವ್ಯಕ್ತಿಗೆ. ಲಂಡನ್ನಿನಲ್ಲಿ ಹೀಗೆಯೇ ಇದೆ. ಬಸ್ಸು, ರೈಲು ಹತ್ತಲಾಗದ ಸ್ಥಿತಿಯ ರೋಗಿಗಳು ಚಿಕಿತ್ಸೆಗೆ ಬಂದಾಗ ಕಟ್ಟಿದ ಶುಲ್ಕವನ್ನು ಅಲ್ಲಿ ಆಸ್ಪತ್ರೆಯ ಮೂಲಕ ವಾಪಸ್ ಪಡೆಯಬಹುದು. ಪ್ಲಂಬರ್‌ಗೆ ರಿಯಾಯಿತಿಗಿಂತ ಖಾಲಿ ರಸ್ತೆಯೇ ಹೆಚ್ಚು ಲಾಭ. ದಿನಕ್ಕೆ ನಾಲ್ಕು ಮನೆ ಮುಗಿಸುತ್ತಿದ್ದವರು ಐದನೆಯದಕ್ಕೂ ಹೋಗುವಂತಾದರೆ ಶುಲ್ಕ ಅದರಲ್ಲೇ ಹುಟ್ಟುತ್ತದೆ.

ಕಡಿಮೆ ಆದಾಯದವರ ರಿಯಾಯಿತಿಯನ್ನು ರೂಪಿಸುವುದರಲ್ಲಿ ಬಹಳ ಕಡೆ ಎಡವಟ್ಟಾಗುತ್ತದೆ. ನ್ಯೂಯಾರ್ಕಿನದು ನೋಡಿ: ಕುಟುಂಬದ ವಾರ್ಷಿಕ ಆದಾಯ 50,000 ಡಾಲರ್ ದಾಟದವರಿಗೆ ಹಗಲಿನ ಶುಲ್ಕದಲ್ಲಿ ಅರ್ಧ ರಿಯಾಯಿತಿ, ಆದರೆ ತಿಂಗಳ ಮೊದಲ 10 ಪ್ರವೇಶಗಳಾದ ಮೇಲೆ. ತಿಂಗಳಿಗೆ ಆರು ಸಲ ಬರುವ ಬಡವರಿಗೆ ಇದರಿಂದ ಚಿಕ್ಕಾಸೂ ಇಲ್ಲ. ಅದರ ಮೇಲೆ ಅರ್ಜಿ, ದಾಖಲೆ, ನೋಂದಣಿ. ನಮ್ಮ ಮಟ್ಟಿಗೆ ಹೇಳುವುದಾದರೆ, ಅರ್ಹರ ಖಾತೆಗೆ ತಿಂಗಳ ಮೊದಲ ದಿನವೇ ಒಂದಿಷ್ಟು ಮೊತ್ತ ಜಮಾ ಮಾಡಿ, ಅದನ್ನು ಶುಲ್ಕಕ್ಕಾದರೂ ಬಳಸಿ, ಬಸ್ ಪಾಸಿಗಾದರೂ ಬಳಸಿ ಎಂದು ಬಿಡುವುದು ಲೇಸು. ಶುಲ್ಕದ ಬಿಸಿಯೂ ಉಳಿಯುತ್ತದೆ, ಕೈಯೂ ಸುಡುವುದಿಲ್ಲ.

ಇನ್ನು ಹಣ ಎಲ್ಲಿಗೆ ಹೋಗುತ್ತದೆ ಎಂಬುದು. ನ್ಯಾಯದ ಅರ್ಧ ಭಾಗ ಅಲ್ಲೇ ತೀರ್ಮಾನವಾಗುತ್ತದೆ. ಲಂಡನ್ನಿನ ಶುಲ್ಕದ ನಿವ್ವಳ ಆದಾಯವನ್ನು ಸಾರಿಗೆಗೇ ಖರ್ಚು ಮಾಡಬೇಕೆಂದು ಕಾನೂನಿದೆ. ನ್ಯೂಯಾರ್ಕಿನಲ್ಲಿ ಶೇ 80 ಭಾಗ ನಗರದ ಸುರಂಗ ರೈಲು ಮತ್ತು ಬಸ್ಸಿಗೆ, ತಲಾ ಶೇ 10 ಎರಡು ಉಪನಗರ ರೈಲು ಸಂಸ್ಥೆಗಳಿಗೆ ಎಂದು ಮೊದಲೇ ಬರೆದಿಟ್ಟಿದ್ದಾರೆ. ಬೊಕ್ಕಸದ ಸಾಮಾನ್ಯ ಖಾತೆಗೆ ಸೇರಿ ಎಲ್ಲೋ ಕರಗಿಹೋಗುವ ಶುಲ್ಕವಾದರೆ, ನಿಮ್ಮ ಆಕ್ಷೇಪಣೆಗೆ ನಾವೂ ಸಹಿ ಹಾಕುತ್ತೇವೆ.

ಪ್ರಶ್ನೆ: ನೂರು ಕಾರಿನಲ್ಲಿ ಹತ್ತು ಕಡಿಮೆಯಾದರೆ ಯಾರಿಗೆ ಗೊತ್ತಾಗುತ್ತದೆ? ಇಷ್ಟಕ್ಕೆ ಇಷ್ಟೆಲ್ಲ ರಾದ್ಧಾಂತ ಬೇಕೆ?

ಉತ್ತರ: ಮೇಲಿನ ಸೂತ್ರವನ್ನೇ ಹಿಡಿಯಿರಿ. ಸಾಮರ್ಥ್ಯದ 1.2 ಪಟ್ಟು ಇದ್ದ ಸಂಚಾರ ಹತ್ತನೇ ಒಂದು ಭಾಗ ಇಳಿದು 1.08 ಆಯಿತು. 9 ನಿಮಿಷ 20 ಸೆಕೆಂಡ್ ಇದ್ದ ತಡ 6 ನಿಮಿಷ ಚಿಲ್ಲರೆಗೆ ಬಂತು. ವಾಹನ ಹತ್ತರಲ್ಲಿ ಒಂದು ಹೋದರೆ ತಡ ಮೂರರಲ್ಲಿ ಒಂದು ಪಾಲು ಹೋಯಿತು. ಶಾಲೆಗೆ ರಜೆ ಬಿಟ್ಟ ದಿನಗಳಲ್ಲಿ ರಸ್ತೆ ಹಗುರಾಗುವುದು ಇದರಿಂದಲೇ. ಅಂದು ಊರು ಖಾಲಿಯಾಗಿರುವುದಿಲ್ಲ, ಅಂಚಿನ ಕೆಲವು ವಾಹನಗಳು ಕಡಿಮೆಯಾಗಿರುತ್ತವೆ, ಅಷ್ಟೆ.

ಪ್ರಶ್ನೆ: ಕಾಗದದ ಮೇಲೆ ಎಲ್ಲವೂ ಚೆಂದ. ನಿಜವಾಗಿ ಎಲ್ಲಿ ನಡೆದಿದೆ, ಎಲ್ಲಿ ಕೈಕೊಟ್ಟಿದೆ?

ಉತ್ತರ: ಸಿಂಗಪುರ ಎಲ್ಲರಿಗಿಂತ ಮೊದಲು, 1975ರ ಜೂನ್‌ನಲ್ಲಿ ಶುರುಮಾಡಿತು. ಆಗ ಕ್ಯಾಮೆರಾ ಇಲ್ಲ, ಕಂಪ್ಯೂಟರ್ ಇಲ್ಲ. ದಿನಕ್ಕೆ 3 ಸಿಂಗಪುರ ಡಾಲರ್ ಕೊಟ್ಟು ಕೊಂಡ ಕಾಗದದ ಪರವಾನಗಿಯನ್ನು ಗಾಜಿಗೆ ಅಂಟಿಸಬೇಕು, ಗಡಿಯಲ್ಲಿ ನಿಂತ ಸಿಬ್ಬಂದಿ ಕಣ್ಣಿನಿಂದಲೇ ನೋಡಬೇಕು. ಬೆಳಗ್ಗೆ ಏಳೂವರೆಯಿಂದ ಒಂಬತ್ತೂವರೆವರೆಗೆ ಎಂದು ಇಟ್ಟರು. ಜನ ಒಂಬತ್ತೂವರೆ ಆಗುವುದನ್ನೇ ಕಾದು ಒಟ್ಟಿಗೆ ನುಗ್ಗಿದರು, ಜಾಮ್ ಅಲ್ಲಿಗೆ ಸರಿಯಿತು. ಕೆಲವೇ ವಾರಗಳಲ್ಲಿ ವೇಳೆಯನ್ನು ಹತ್ತೂಕಾಲಿಗೆ ಹಿಗ್ಗಿಸಬೇಕಾಯಿತು. ಶುಲ್ಕ ಒಮ್ಮೆಲೇ ಹಾರಿ ಒಮ್ಮೆಲೇ ಇಳಿದರೆ ಹೀಗೆಯೇ ಆಗುವುದು, ಅದು ಮೆಟ್ಟಿಲಿನ ಹಾಗೆ ಏರಿಳಿಯಬೇಕು. 1998ರಲ್ಲಿ ಬಂದ ಎಲೆಕ್ಟ್ರಾನಿಕ್ ವ್ಯವಸ್ಥೆಯಲ್ಲಿ ದರ ಅರ್ಧ ಗಂಟೆಗೊಮ್ಮೆ ಬದಲಾಗುವಂತೆ ಮಾಡಿದರು. ಅಲ್ಲಿ ದರ ನಿರ್ಧರಿಸುವುದು ವೇಗ ನೋಡಿ: ನಗರದ ಮುಖ್ಯರಸ್ತೆಗಳಲ್ಲಿ ಗಂಟೆಗೆ 20ರಿಂದ 30 ಕಿ.ಮೀ., ಎಕ್ಸ್‌ಪ್ರೆಸ್‌ವೇಗಳಲ್ಲಿ 45ರಿಂದ 65 ಕಿ.ಮೀ. ವೇಗ ಇದಕ್ಕಿಂತ ಇಳಿದರೆ ದರ ಏರುತ್ತದೆ, ವೇಗ ಏರಿದರೆ ದರ ಇಳಿಯುತ್ತದೆ. ಇಳಿಯುತ್ತದೆ ಎನ್ನುವುದನ್ನು ಗಮನಿಸಿ. ಬೇರೆ ಊರುಗಳಲ್ಲಿ ಇದು ಅಪರೂಪ.

ಲಂಡನ್ 2003ರ ಫೆಬ್ರವರಿ 17ರಂದು ದಿನಕ್ಕೆ 5 ಪೌಂಡ್‌ನಂತೆ ಸುಮಾರು 21 ಚದರ ಕಿ.ಮೀ. ಪ್ರದೇಶದಲ್ಲಿ ಆರಂಭಿಸಿತು. ಮೊದಲ ವರ್ಷ ಒಳಬರುವ ಸಂಚಾರ ಶೇ 18ರಷ್ಟು, ದಟ್ಟಣೆಯ ತಡ ಸುಮಾರು ಶೇ 30ರಷ್ಟು ಇಳಿಯಿತು. ಕೆಲವು ವರ್ಷಗಳಲ್ಲಿ ಆ ತಡ ಮರಳಿ ಬಂತು. ‘ನೋಡಿ, ಸೋತಿತು’ ಎನ್ನುವವರು ಇದನ್ನೇ ತೋರಿಸುತ್ತಾರೆ. ಆದರೆ ಕಾರಣ ಬಿಡಿಸಿ ನೋಡಬೇಕು. ಖಾಲಿಯಾದ ಜಾಗದಲ್ಲಿ ಒಂದಷ್ಟನ್ನು ಬಸ್ಸು, ಸೈಕಲ್ಲು, ನಡೆಯುವವರಿಗೆ ಬೇಕೆಂದೇ ಕೊಟ್ಟರು. ನೀರಿನ ಕೊಳವೆ ಬದಲಿಸಲು ರಸ್ತೆ ಅಗೆದರು. ಎಲ್ಲಕ್ಕಿಂತ ದೊಡ್ಡ ತೂತು, ಬಾಡಿಗೆ ಕಾರುಗಳಿಗೆ ಕೊಟ್ಟ ವಿನಾಯಿತಿ. ಮೊಬೈಲ್ ಆ್ಯಪ್‌ನಲ್ಲಿ ಕರೆಸುವ ಕಾರುಗಳು ಬಂದ ಮೇಲೆ ಆ ತೂತಿನಿಂದ ಸಾವಿರಾರು ಗಾಡಿಗಳು ಒಳಗೆ ಹರಿದವು. 2019ರ ಏಪ್ರಿಲ್‌ನಲ್ಲಷ್ಟೇ ಅದನ್ನು ಮುಚ್ಚಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. ದಿನಕ್ಕೊಂದೇ ಶುಲ್ಕ ಎಂಬುದರಲ್ಲೂ ಒಂದು ತೊಡಕಿದೆ: ಬೆಳಗ್ಗೆ ಒಮ್ಮೆ ಕಟ್ಟಿದ ಬಾಡಿಗೆ ಕಾರು ಸಂಜೆಯವರೆಗೆ ಒಳಗೇ ಸುತ್ತಿದರೂ ಹೆಚ್ಚಿಗೆ ಕಟ್ಟಬೇಕಿಲ್ಲ. ನ್ಯೂಯಾರ್ಕ್ ಅದಕ್ಕೇ ಟ್ಯಾಕ್ಸಿಗೆ ಪ್ರತಿ ಪ್ರಯಾಣಕ್ಕೆ 75 ಸೆಂಟ್, ಆ್ಯಪ್ ಕಾರಿಗೆ ಒಂದೂವರೆ ಡಾಲರ್ ಇಟ್ಟು, ಪ್ರಯಾಣಿಕರ ಬಿಲ್ಲಿಗೆ ಸೇರಿಸಿತು.

ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್‌ನದು ಎಲ್ಲಕ್ಕಿಂತ ಸ್ವಚ್ಛವಾದ ಪ್ರಯೋಗ. 2006ರ ಜನವರಿ 3ರಿಂದ ಜುಲೈ 31ರವರೆಗೆ ಪರೀಕ್ಷೆಗಾಗಿ ಜಾರಿ. ಗಡಿ ದಾಟಿದಾಗಲೆಲ್ಲ, ಒಳಗೆ ಬಂದರೂ ಹೊರಗೆ ಹೋದರೂ, ಹೊತ್ತು ನೋಡಿ 10, 15 ಇಲ್ಲವೇ 20 ಕ್ರೋನಾ (ಸ್ವೀಡನ್ನಿನ ನಾಣ್ಯ). ದಿನಕ್ಕೆ ಹೆಚ್ಚೆಂದರೆ 60. ಸಂಚಾರ ಸುಮಾರು ಐದನೇ ಒಂದು ಭಾಗ ಇಳಿಯಿತು. ಆಗಸ್ಟ್‌ನಲ್ಲಿ ಶುಲ್ಕ ನಿಂತಿತು, ವಾಹನಗಳು ಬಹುಪಾಲು ವಾಪಸ್ ಬಂದವು. ಜನ ಎರಡನ್ನೂ ಕಣ್ಣಾರೆ ಕಂಡ ಮೇಲೆ ಸೆಪ್ಟೆಂಬರ್‌ನಲ್ಲಿ ಮತ ಹಾಕಿದರು. ಪ್ರಯೋಗಕ್ಕೆ ಮುನ್ನ ಒಪ್ಪಿದ್ದವರು ಮೂರನೇ ಒಂದು ಭಾಗದಷ್ಟು. ಮತದಾನದಲ್ಲಿ ನಗರದವರ ಬಹುಮತ ‘ಇರಲಿ’ ಎಂದಿತು. ಮತ ಕೇಳಿದ ಸುತ್ತಲಿನ ಊರುಗಳಲ್ಲಿ ಹೆಚ್ಚಿನವರು ‘ಬೇಡ’ ಎಂದರು ಎಂಬುದನ್ನೂ ಹೇಳಬೇಕು. 2007ರ ಆಗಸ್ಟ್‌ನಿಂದ ಶುಲ್ಕ ಕಾಯಂ ಆಯಿತು.

ಮಿಲಾನಿನಲ್ಲಿ ಇದೇ ಪ್ರಯೋಗ ಅಚಾನಕ್ಕಾಗಿ ನಡೆಯಿತು. 2012ರಲ್ಲಿ ಪಾರ್ಕಿಂಗ್ ಗ್ಯಾರೇಜೊಂದು ಹೂಡಿದ ದಾವೆಯಿಂದ ಅಲ್ಲಿನ 5 ಯೂರೋ ಶುಲ್ಕಕ್ಕೆ ಸುಮಾರು ಎಂಟು ವಾರ ತಡೆ ಬಿತ್ತು. ಸಂಚಾರ ಕೂಡಲೇ ಏರಿತು, ತಡೆ ತೆರವಾದಾಗ ಕೂಡಲೇ ಇಳಿಯಿತು.

ಪ್ರಯೋಗವಿಲ್ಲದೆ ಮೊದಲೇ ಮತ ಕೇಳಿದ ಎಡಿನ್‌ಬರೊ 2005ರಲ್ಲಿ, ಮ್ಯಾಂಚೆಸ್ಟರ್ 2008ರಲ್ಲಿ ಭಾರೀ ಬಹುಮತದಿಂದ ಯೋಜನೆಯನ್ನು ತಿರಸ್ಕರಿಸಿದವು. ಕಟ್ಟಬೇಕಾದ ಹಣ ಮೊದಲ ದಿನವೇ ಕಣ್ಣಿಗೆ ರಾಚುತ್ತದೆ, ಸಿಗುವ ಲಾಭ ಕಲ್ಪನೆಯಲ್ಲಿರುತ್ತದೆ. ಇನ್ನೇನಾದೀತು?

ಪ್ರಶ್ನೆ: ನಮ್ಮ ಮನೆ ಗಡಿಯ ಹೊರಗಿನ ಮೊದಲ ಬೀದಿಯಲ್ಲಿದೆ ಎಂದಿಟ್ಟುಕೊಳ್ಳಿ. ಎಲ್ಲರೂ ನಮ್ಮ ಬಾಗಿಲಲ್ಲಿ ಗಾಡಿ ನಿಲ್ಲಿಸಿ ಒಳಗೆ ನಡೆದು ಹೋದರೆ?

ಉತ್ತರ: ಹೋಗುತ್ತಾರೆ, ಸಂಶಯವೇ ಬೇಡ. ಅದಕ್ಕೇ ಗಡಿಯ ಹೊರಗೆ ನಡೆದು ಹೋಗಬಹುದಾದಷ್ಟು ದೂರದವರೆಗೆ, ಒಂದು ಕಿ.ಮೀ. ಎಂದಿಟ್ಟುಕೊಳ್ಳಿ, ನಿವಾಸಿಗಳಿಗೆ ಪಾರ್ಕಿಂಗ್ ಪರ್ಮಿಟ್ ಕೊಟ್ಟು ಹೊರಗಿನವರಿಗೆ ಗಂಟೆ ಲೆಕ್ಕದ ದರ ಇಡಬೇಕು. ಇದು ಶುಲ್ಕ ಶುರುವಾಗುವ ಮುಂಚೆ ಆಗಬೇಕಾದ ಕೆಲಸ. ನಂತರ ಮಾಡಹೊರಟರೆ ಅಷ್ಟರಲ್ಲಿ ನಿಮ್ಮ ಬೀದಿ ಕಾಯಂ ನಿಲ್ದಾಣವಾಗಿರುತ್ತದೆ.

ಗಡಿಯನ್ನು ಎಲ್ಲಿ ಎಳೆಯಬೇಕು ಎಂಬುದಕ್ಕೆ ಒಂದು ಸರಳ ಪರೀಕ್ಷೆ ಇದೆ: ಒಳಗೆ ಕೆಲಸವಿಲ್ಲದವರು ದುಡ್ಡು ಕೊಡದೆ ಸುತ್ತಿಹೋಗಲು ದಾರಿ ಇದೆಯೇ? ಲಂಡನ್ನಿನಲ್ಲಿ ವಲಯವನ್ನು ಸುತ್ತುವರಿದ ವರ್ತುಲ ರಸ್ತೆಗೆ ಶುಲ್ಕವಿಲ್ಲ. ಅಲ್ಲಿ ಸಂಚಾರ ಹೆಚ್ಚುತ್ತದೆಂದು ಮೊದಲೇ ಊಹಿಸಿ ಸಿಗ್ನಲ್ ಸಮಯಗಳನ್ನು ಬದಲಿಸಿದ್ದರು. ಸ್ಟಾಕ್‌ಹೋಮ್ ಪಕ್ಕದ ಲಿಡಿಂಗೊ ದ್ವೀಪದವರ ಪಾಡು ಬೇರೆ: ಹೊರ ಜಗತ್ತಿಗೆ ಅವರ ದಾರಿ ಶುಲ್ಕ ವಲಯದ ಮೂಲಕವೇ ಹಾಯುತ್ತಿತ್ತು. ಒಂದು ಕಡೆ ಒಳಹೊಕ್ಕು 30 ನಿಮಿಷದೊಳಗೆ ಇನ್ನೊಂದು ಕಡೆ ಹೊರಬಿದ್ದರೆ ಶುಲ್ಕವಿಲ್ಲ ಎಂದು ಅವರಿಗಾಗಿ ನಿಯಮ ಮಾಡಿದರು. ಕ್ಯಾಮೆರಾಗಳ ಗಡಿಯಾರ ಹೋಲಿಸಿದರೆ ಇದು ತಾನಾಗಿ ಗೊತ್ತಾಗುತ್ತದೆ, ಅರ್ಜಿ ಬೇಕಿಲ್ಲ. ವಿನಾಯಿತಿ ಕೊಡಲೇಬೇಕೆಂದರೆ ಹೀಗಿರಬೇಕು.

ಪ್ರಶ್ನೆ: ಟೋಲ್ ಗೇಟ್ ಇಲ್ಲದೆ ವಸೂಲಿ ಹೇಗೆ? ತಪ್ಪು ಬಿಲ್ಲು ಬಂದರೆ ಏನು ಮಾಡಬೇಕು?

ಉತ್ತರ: ಗೇಟ್ ಇಟ್ಟರೆ ಅಲ್ಲೇ ಸಾಲು ಬೆಳೆಯುತ್ತದೆ, ಹಾಗಾಗಿ ಯಾರೂ ಇಡುವುದಿಲ್ಲ. ಸಾಮಾನ್ಯವಾಗಿ ಎರಡು ದಾರಿ. ಒಂದು, ವಾಹನದೊಳಗೆ ಚಿಕ್ಕ ಪೆಟ್ಟಿಗೆ ಅಥವಾ ಟ್ಯಾಗ್. ರಸ್ತೆಯ ಮೇಲಿನ ಕಮಾನಿನಿಂದ ಅಲೆ ಬಂದಾಗ ಅದರ ಖಾತೆಯಿಂದ ಹಣ ಕಳೆಯುತ್ತದೆ. ಇನ್ನೊಂದು, ನಂಬರ್ ಪ್ಲೇಟ್ ಓದುವ ಕ್ಯಾಮೆರಾ. ಟ್ಯಾಗ್ ಇದ್ದ ಕಡೆಯೂ ಇಲ್ಲದವರನ್ನು ಹಿಡಿಯಲು ಕ್ಯಾಮೆರಾ ಬೇಕೇ ಬೇಕು.

ಕ್ಯಾಮೆರಾ ಕೆಲಸ ಮಾಡುವ ಬಗೆ ಹೀಗೆ. ಪ್ಲೇಟಿನ ಮೇಲೆ ಕಣ್ಣಿಗೆ ಕಾಣದ ಅವಗೆಂಪು (ಇನ್‌ಫ್ರಾರೆಡ್) ಬೆಳಕು ಬೀರಿ ಫೋಟೊ ತೆಗೆಯುತ್ತದೆ. ತಂತ್ರಾಂಶ ಅಕ್ಷರಗಳನ್ನು ಬಿಡಿಸಿ ಓದಿ, ‘ಇಷ್ಟು ಖಾತರಿ’ ಎಂದು ಅಂಕ ಕೊಡುತ್ತದೆ. ಹಣ ಕಟ್ಟಿದವರ ಪಟ್ಟಿಯಲ್ಲಿ ಆ ನಂಬರ್ ಇದ್ದರೆ ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ, ಖಾತರಿ ಎಷ್ಟೇ ಹೆಚ್ಚಿದ್ದರೂ ಸಹ, ಮನುಷ್ಯರೊಬ್ಬರು ಫೋಟೊ ನೋಡಿ ವಾಹನದ ತಯಾರಿ, ಬಣ್ಣ ನೋಂದಣಿಗೆ ತಾಳೆಯಾಗುತ್ತದೆಯೇ ಎಂದು ಪರಿಶೀಲಿಸಿದ ಮೇಲೆಯೇ ನೋಟಿಸ್ ಹೋಗಬೇಕು. ಈ ಕೊನೆಯ ಹಂತಕ್ಕೆ ಖರ್ಚು ಹೆಚ್ಚು. ಅದನ್ನು ಉಳಿಸಲು ಹೋದ ಕಡೆಯೇ ಅವಾಂತರಗಳು.

ಎಡವುವುದು ಎಲ್ಲಿ? ಸೊನ್ನೆ ಮತ್ತು ‘ಓ’, ಎಂಟು ಮತ್ತು ‘ಬಿ’, ಒಂದು ಮತ್ತು ‘ಐ’. ಕೆಸರು ಮೆತ್ತಿದ ಪ್ಲೇಟು, ಅಲಂಕಾರದ ಅಕ್ಷರ, ಸ್ಕ್ರೂ ತಲೆ ಬಿದ್ದ ಜಾಗ. ಎಲ್ಲಕ್ಕಿಂತ ತಲೆನೋವು ನಕಲಿ ಪ್ಲೇಟು, ನಿಮ್ಮದೇ ನಂಬರಿನಲ್ಲಿ ಇನ್ನೊಬ್ಬರ ಕಾರು ಓಡುತ್ತಿರುತ್ತದೆ. ತಪ್ಪಿಸಿಕೊಳ್ಳುವವರ ಲೆಕ್ಕವೂ ಸರಳ: ಒಂದು ಕ್ಯಾಮೆರಾ ಹತ್ತರಲ್ಲಿ ಒಂದು ಪ್ಲೇಟನ್ನು ಓದದೆ ಬಿಟ್ಟರೂ, ಪರಸ್ಪರ ಸಂಬಂಧವಿಲ್ಲದ ಮೂರು ಕ್ಯಾಮೆರಾ ದಾಟುವಾಗ ಮೂರರಿಂದಲೂ ತಪ್ಪಿಸಿಕೊಳ್ಳುವುದು ಸಾವಿರಕ್ಕೆ ಒಂದು. ಗಡಿಯಲ್ಲಷ್ಟೇ ಅಲ್ಲದೆ ವಲಯದ ಒಳಗೂ ಕ್ಯಾಮೆರಾ ಇಡುವುದು ಇದಕ್ಕಾಗಿ.

ತಪ್ಪು ನೋಟಿಸ್ ಬಂದರೆ ಮೊದಲು ಹಣ ಕಟ್ಟಬೇಡಿ. ಕಟ್ಟಿದರೆ ಬಹಳ ಕಡೆ ಒಪ್ಪಿಕೊಂಡಂತೆ. ಮೂಲ ಫೋಟೊ ಕೇಳಿ, ಬರೀ ಪ್ಲೇಟಿನದಲ್ಲ, ಇಡೀ ವಾಹನದ್ದು. ಚಕ್ರದ ಮುಚ್ಚಳ, ಸ್ಟಿಕರ್, ಬಂಪರಿನ ಗೀರು ಇವನ್ನು ನಿಮ್ಮ ವಾಹನದ ಫೋಟೊ ಜೊತೆ ಇಟ್ಟು ಕಳಿಸಿ. ಆ ಹೊತ್ತಿಗೆ ವಾಹನ ಬೇರೆಡೆ ಇತ್ತೆಂದು ತೋರಿಸುವ ರಸೀದಿ ಇದ್ದರೆ ಸೇರಿಸಿ. ನಕಲಿ ಪ್ಲೇಟೆಂದು ಅನುಮಾನವಿದ್ದರೆ ಪೊಲೀಸ್ ದೂರಿನ ಸಂಖ್ಯೆಯೂ ಬೇಕು, ಇಲ್ಲವಾದರೆ ನೋಟಿಸುಗಳು ಬರುತ್ತಲೇ ಇರುತ್ತವೆ. ಲಂಡನ್ನಿನಲ್ಲಿ ದಂಡವನ್ನು 14 ದಿನದೊಳಗೆ ಕಟ್ಟಿದರೆ ಅರ್ಧ. ಈ ಅವಧಿಯ ಆಸೆಗೆ ತಪ್ಪಿಲ್ಲದವರೂ ಕಟ್ಟಿಬಿಡುತ್ತಾರೆ. ಆಕ್ಷೇಪಣೆ ಇತ್ಯರ್ಥವಾಗುವವರೆಗೆ ಗಡುವಿನ ಗಡಿಯಾರ ನಿಲ್ಲುತ್ತದೆಯೇ ಎಂದು ನಿಮ್ಮೂರಿನ ನಿಯಮದಲ್ಲಿ ಮೊದಲೇ ನೋಡಿಕೊಳ್ಳಿ.

ಪ್ರಶ್ನೆ: ಸಮ, ಬೆಸ ಸಂಖ್ಯೆ ನೋಡಿ ದಿನ ಬಿಟ್ಟು ದಿನ ವಾಹನ ಬಿಟ್ಟರೆ ಆಗದೆ? ಅದರಲ್ಲಿ ಬಡವ, ಬಲ್ಲಿದ ಎಂಬ ಭೇದವಿಲ್ಲವಲ್ಲ.

ಉತ್ತರ: ಭೇದ ಅಲ್ಲೇ ಹೆಚ್ಚು. ಎರಡನೇ ಕಾರು ಕೊಳ್ಳಬಲ್ಲವರಿಗೆ ನಿಷೇಧವೇ ಇಲ್ಲದಂತಾಗುತ್ತದೆ. ಮೆಕ್ಸಿಕೊ ಸಿಟಿ 1989ರಲ್ಲಿ ನಂಬರಿನ ಕೊನೆಯ ಅಂಕಿ ನೋಡಿ ವಾರಕ್ಕೊಂದು ದಿನ ವಾಹನ ತಡೆಯಿತು. ಜನ ಹಳೆಯ, ಹೊಗೆ ಕಾರುವ ಇನ್ನೊಂದು ಗಾಡಿ ಕೊಂಡುಕೊಂಡರು. ನಂತರ ಅಳತೆ ಮಾಡಿ ನೋಡಿದಾಗ ಗಾಳಿ ಸುಧಾರಿಸಿದ್ದಕ್ಕೆ ಪುರಾವೆ ಸಿಗಲಿಲ್ಲ. ತುರ್ತು ಕೆಲಸವಿದ್ದವರಿಗೂ ಆ ದಿನ ದಾರಿಯಿಲ್ಲ, ಸುಮ್ಮನೆ ಸುತ್ತಾಡುವವರಿಗೆ ಮರುದಿನ ಅಡ್ಡಿಯಿಲ್ಲ. ಒಂದೆರಡು ದಿನ ಹೊಗೆ ಮಿತಿಮೀರಿದಾಗಿನ ತುರ್ತಿಗೆ ಸರಿ, ವರ್ಷಪೂರ್ತಿಗೆ ಅಲ್ಲ.

ಪ್ರಶ್ನೆ: ಎಲೆಕ್ಟ್ರಿಕ್ ಕಾರಿಗೆ ಶುಲ್ಕ ಏಕೆ? ಬೈಕಿಗೆ?

ಉತ್ತರ: ಹೊಗೆಯ ಶುಲ್ಕವಾದರೆ ಎಲೆಕ್ಟ್ರಿಕ್ ಕಾರನ್ನು ಬಿಡಬೇಕು. ಇದು ಜಾಗದ ಶುಲ್ಕ, ಬ್ಯಾಟರಿ ಕಾರು ಜಾಮಿನಲ್ಲಿ ಕಿರಿದಾಗುವುದಿಲ್ಲ. ಆರಂಭದಲ್ಲಿ ಆಕರ್ಷಣೆಗೆಂದು ಬಿಟ್ಟ ಲಂಡನ್, ಸಂಖ್ಯೆ ಬೆಳೆದ ಮೇಲೆ 2025ರ ಡಿಸೆಂಬರ್‌ನಲ್ಲಿ ಆ ಪೂರ್ಣ ವಿನಾಯಿತಿಯನ್ನು ನಿಲ್ಲಿಸಿತು. ಬೈಕು ಹಿಡಿಯುವ ಜಾಗ ಕಡಿಮೆ. ಕೆಲವು ನಗರಗಳಲ್ಲಿ ಅದಕ್ಕೆ ಶುಲ್ಕವಿಲ್ಲ, ನ್ಯೂಯಾರ್ಕಿನಲ್ಲಿ ಅರ್ಧ: ಹಗಲಿನಲ್ಲಿ ಕಾರಿಗೆ 9 ಡಾಲರ್, ಬೈಕಿಗೆ ನಾಲ್ಕೂವರೆ. ರಸ್ತೆ ತುಂಬ ಬೈಕುಗಳೇ ಇರುವ ಊರಿನಲ್ಲಿ ಪೂರ್ಣ ವಿನಾಯಿತಿ ಕೊಟ್ಟರೆ ಯೋಜನೆಯ ಬುಡವೇ ಅಲ್ಲಾಡುತ್ತದೆ.

ಪ್ರಶ್ನೆ: ನಮ್ಮ ಅಂಗಡಿ ವಲಯದೊಳಗಿದೆ. ಗಿರಾಕಿಗಳು ಬರದಿದ್ದರೆ?

ಉತ್ತರ: ಒಂದು ವಾರ ಬಾಗಿಲಲ್ಲಿ ನಿಂತು, ‘ಹೇಗೆ ಬಂದಿರಿ’ ಎಂದು ಗಿರಾಕಿಗಳನ್ನೇ ಕೇಳಿ ಬರೆದಿಡಿ. ಕಾರಿನಲ್ಲಿ ಬರುವವರ ಪಾಲನ್ನು ಅಂಗಡಿಯವರು ಇರುವುದಕ್ಕಿಂತ ಹೆಚ್ಚೆಂದು ಅಂದಾಜಿಸುವುದು ಹಲವು ನಗರಗಳ ಎಣಿಕೆಯಲ್ಲಿ ಕಂಡುಬಂದಿದೆ. ಆದರೂ ಭಾರದ ಸಾಮಾನು ಮಾರುವವರಿಗೆ, ಉದಾಹರಣೆಗೆ ಪೀಠೋಪಕರಣ, ಟೈಲ್ಸ್, ನಿಜವಾದ ಪೆಟ್ಟು ಬೀಳಬಹುದು. ಸರಕು ಇಳಿಸುವುದನ್ನು ಶುಲ್ಕವಿಲ್ಲದ ಹೊತ್ತಿಗೆ ಸರಿಸುವುದು ಮೊದಲ ಉಪಾಯ. ಅದಕ್ಕೆ ರಾತ್ರಿ ಸರಕು ಇಳಿಸಲು ಪಾಲಿಕೆಯ ಅನುಮತಿ ಬೇಕಾಗಬಹುದು, ಶುಲ್ಕದ ಚರ್ಚೆಯ ಜೊತೆಗೇ ಅದನ್ನೂ ಕೇಳಿ.

ಪ್ರಶ್ನೆ: ನಗರಾಡಳಿತ ಇಂಥ ಯೋಜನೆ ಮುಂದಿಟ್ಟು ಸಾರ್ವಜನಿಕ ಅಹವಾಲು ಕರೆದರೆ ನಾವು ಏನು ಕೇಳಬೇಕು?

ಉತ್ತರ: ‘ಬೇಕು’, ‘ಬೇಡ’ ಎನ್ನುವ ಮುಂಚೆ ಕಾಗದಪತ್ರ ಕೇಳಿ. ಮೊದಲನೆಯದಾಗಿ, ಈಗಿನ ಅಳತೆ ಎಲ್ಲಿದೆ? ಗಡಿ ದಾಟುವ ವಾಹನಗಳ ಎಣಿಕೆ, ಬಸ್ಸುಗಳ ವೇಗ, ಗಡಿಯ ಹೊರಗಿನ ಬೀದಿಗಳ ಎಣಿಕೆ, ಗಾಳಿಯ ಅಳತೆ ಇವನ್ನು ಕನಿಷ್ಠ ಒಂದು ವರ್ಷ ಮುಂಚೆ ತೆಗೆದಿರಬೇಕು. ಇಲ್ಲದಿದ್ದರೆ ಯೋಜನೆ ಗೆದ್ದಿತೋ ಸೋತಿತೋ ಎಂದು ಮುಂದೆ ಜಗಳವಾಡಲು ಕೂಡ ಅಂಕಿಅಂಶ ಇರುವುದಿಲ್ಲ.

ಬಸ್ಸು ಮೊದಲೋ ಶುಲ್ಕ ಮೊದಲೋ ಎಂದು ಕೇಳಿ. ಸ್ಟಾಕ್‌ಹೋಮ್ ಶುಲ್ಕಕ್ಕೆ ನಾಲ್ಕು ತಿಂಗಳು ಮುಂಚೆ, 2005ರ ಆಗಸ್ಟ್‌ನಲ್ಲಿ, ಸುಮಾರು 200 ಹೊಸ ಬಸ್ಸು ರಸ್ತೆಗಿಳಿಸಿತ್ತು. ‘ಶುಲ್ಕದ ಹಣ ಬಂದ ಮೇಲೆ ಬಸ್ಸು ಕೊಳ್ಳುತ್ತೇವೆ’ ಎಂಬ ಉತ್ತರ ಬಂದರೆ ಅಹವಾಲು ಸಭೆಯಲ್ಲೇ ಎದ್ದು ನಿಂತು ಆಕ್ಷೇಪಿಸಿ.

ವಸೂಲಿ ಖರ್ಚು ಎಷ್ಟು ಎಂಬುದನ್ನು ಬಿಡಬೇಡಿ. ಲಂಡನ್ನಿನ ಆರಂಭದ ವರ್ಷಗಳಲ್ಲಿ ಬಂದ ಹಣದ ಸುಮಾರು ಅರ್ಧದಷ್ಟು ವಸೂಲಿ ವ್ಯವಸ್ಥೆಗೇ ಹೋಗುತ್ತಿತ್ತು. ದಟ್ಟಣೆ ಇಳಿದದ್ದು ನಿಜವಾದ ಲಾಭ, ಒಪ್ಪೋಣ. ಆದರೂ ಗುತ್ತಿಗೆದಾರರಿಗೆ ಹಣ ಸಲ್ಲುವುದು ಹೇಗೆ ಎಂದು ನೋಡಬೇಕು. ಕಳಿಸಿದ ದಂಡದ ನೋಟಿಸಿಗೆ ಇಷ್ಟು ಎಂದಿದ್ದರೆ ತಪ್ಪು ನೋಟಿಸುಗಳ ಸುರಿಮಳೆ ಖಚಿತ. ಸರಿಯಾಗಿ ಓದಿದ ಪ್ಲೇಟಿಗೆ ಇಷ್ಟು, ರದ್ದಾದ ನೋಟಿಸಿಗೆ ಇಷ್ಟು ಕಡಿತ ಎಂದಿರಬೇಕು.

ವಿನಾಯಿತಿ ಪಟ್ಟಿಯನ್ನು ಓದುವಾಗ ಕೈಯಲ್ಲಿ ಪೆನ್ನು ಇರಲಿ. ಆಂಬುಲೆನ್ಸ್, ಅಗ್ನಿಶಾಮಕ ವಾಹನ, ಬಸ್ಸು, ಅಂಗವಿಕಲರು, ಸರಿ. ಜನಪ್ರತಿನಿಧಿಗಳು, ಅಧಿಕಾರಿಗಳ ವಾಹನಗಳು ಸೇರಿದ್ದರೆ ಮೊದಲು ಹೊಡೆದುಹಾಕಬೇಕಾದ ಸಾಲು ಅದು. ನಿಯಮ ಮಾಡುವವರಿಗೇ ಶುಲ್ಕದ ಬಿಸಿ ತಟ್ಟದಿದ್ದರೆ ಬಸ್ಸು ತಡವಾಗಿ ಬರುವುದು ಅವರಿಗೆ ತಿಳಿಯುವುದೇ ಇಲ್ಲ. ಹಾಗೆಯೇ ದರ ಪರಿಷ್ಕರಣೆ ಯಾವ ಅಳತೆಯ ಮೇಲೆ, ಎಷ್ಟು ತಿಂಗಳಿಗೊಮ್ಮೆ ಎಂದು ಬರೆದಿರಬೇಕು. ಬೊಕ್ಕಸ ಬರಿದಾದಾಗ ಏರಿಸುವುದಕ್ಕೂ ವೇಗ ಇಳಿದಾಗ ಏರಿಸುವುದಕ್ಕೂ ವ್ಯತ್ಯಾಸವಿದೆ.

ಪ್ರಶ್ನೆ: ನಾನು ಯಾವಾಗ, ಎಲ್ಲಿಗೆ ಹೋದೆ ಎಂಬುದೆಲ್ಲ ಸರ್ಕಾರದ ಕಂಪ್ಯೂಟರಿಗೆ ಸೇರುತ್ತದಲ್ಲ?

ಉತ್ತರ: ಈ ಭಯದಿಂದಲೇ ಒಂದು ಯೋಜನೆ ಬಿದ್ದುಹೋಗಿದೆ. ಹಾಂಗ್‌ಕಾಂಗ್ 1983ರಿಂದ 1985ರವರೆಗೆ ಎಲೆಕ್ಟ್ರಾನಿಕ್ ಶುಲ್ಕವನ್ನು ಪರೀಕ್ಷಿಸಿತು. ತಂತ್ರಜ್ಞಾನ ಸರಿಯಾಗಿಯೇ ನಡೆಯಿತು, ಆದರೆ ಓಡಾಟದ ದಾಖಲೆ ಸರ್ಕಾರದ ಕೈಗೆ ಹೋಗುತ್ತದೆಂಬ ಆತಂಕವೂ ಸೇರಿ ಜನ ವಿರೋಧಿಸಿದರು, ಕೈಬಿಟ್ಟರು. ಸಿಂಗಪುರ 1998ರಲ್ಲಿ ಇದಕ್ಕೊಂದು ಉಪಾಯ ಮಾಡಿತು: ಹಣ ತುಂಬಿದ ಕಾರ್ಡನ್ನು ವಾಹನದೊಳಗಿನ ಪೆಟ್ಟಿಗೆಗೆ ಸಿಕ್ಕಿಸಿದರೆ ಕಮಾನಿನ ಕೆಳಗೆ ಹಾಯುವಾಗ ಅಲ್ಲೇ ಹಣ ಕಳೆಯುತ್ತಿತ್ತು. ಹೆಸರಿಗೆ ಬಿಲ್ಲು ಕಳಿಸುವ ಪ್ರಮೇಯವೇ ಇರಲಿಲ್ಲ. ಕ್ಯಾಮೆರಾ ಪದ್ಧತಿಯಲ್ಲಾದರೆ ಕಾನೂನಿನಲ್ಲಿ ಎರಡು ಮಾತು ಇರಬೇಕು: ಹಣ ಸಂದಾಯವಾದ ವಾಹನದ ಫೋಟೊವನ್ನು ಎಷ್ಟು ಗಂಟೆಯೊಳಗೆ ಅಳಿಸಬೇಕು, ಅಳಿಸುವ ಮುಂಚೆ ಯಾವ ಇಲಾಖೆ ಯಾರ ಆದೇಶದ ಮೇಲೆ ಮಾತ್ರ ಅದನ್ನು ಕೇಳಬಹುದು. ‘ಸೂಕ್ತ ಅವಧಿಯಲ್ಲಿ ಅಳಿಸಲಾಗುವುದು’ ಎಂದಷ್ಟೇ ಬರೆದಿದ್ದರೆ, ಗಂಟೆ ಎಷ್ಟು ಎಂದು ಬರೆಸಿಕೊಳ್ಳಿ.